ಪೆನ್ ಟ್ಯಾಬ್ಲೆಟ್‌ನ ನಾಲ್ಕು ಬಟನ್‌ಗೆ ಏನೇನು ಇಡೋದು?

ಪ್ರಶ್ನೆ (ಗೋಣಿಕೊಪ್ಪಲಿನಿಂದ)

ಅಕ್ಕಾ, ನಮಸ್ಕಾರ. ಇಲ್ಲೇ ಒಂದು ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡ್ತೀನಿ, ಮದುವೆ ಆಲ್ಬಂ ಕೆಲಸವೇ ಜಾಸ್ತಿ. ಇಷ್ಟು ವರ್ಷ ಮೌಸ್‌ನಲ್ಲೇ ಉಜ್ಜಿ ಉಜ್ಜಿ ಮಣಿಕಟ್ಟು ನೋವು ಶುರುವಾಯ್ತು. ಅದಕ್ಕೇ ಹೋದ ತಿಂಗಳು ವಾಕಾಮ್ ಇಂಟುಯೋಸ್ ಸ್ಮಾಲ್ ಅನ್ನೋ ಪೆನ್ ಟ್ಯಾಬ್ಲೆಟ್ ತಗೊಂಡೆ. ಮೇಲ್ಗಡೆ ನಾಲ್ಕು ಬಟನ್, ಪೆನ್ನಿನಲ್ಲಿ ಎರಡು. ವಿಡಿಯೋ ನೋಡಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕೊನೆಗೆ ಸೇವ್, ಕಾಪಿ, ಪೇಸ್ಟ್, ಅನ್‌ಡೂ ಇಟ್ಟೆ. ಹದಿನೈದು ದಿನ ಆಯ್ತು, ಬಟನ್ ಕಡೆ ಕೈಯೇ ಹೋಗ್ತಿಲ್ಲ, ಕೀಬೋರ್ಡೇ ಬೇಗ ಅನ್ಸುತ್ತೆ. ಫೋಟೋಶಾಪ್‌ನಲ್ಲಿ ಸ್ಕಿನ್, ಲೈಟ್‌ರೂಮ್‌ನಲ್ಲಿ ಕಲರ್, ಇಷ್ಟೇ ನನ್ನ ಕೆಲಸ. ನೀವು ಏನೇನು ಇಟ್ಟುಕೊಂಡಿದ್ದೀರಿ?

ಉತ್ತರ (ಮಡಿಕೇರಿಯಿಂದ, ರೀಟಚರ್)

ಕೈ ಹೋಗದೇ ಇರೋದು ಸರಿಯಾಗೇ ಇದೆ ತಮ್ಮಾ, ಯಾಕೆ ಹೋಗ್ಬೇಕು? ಮುಖ ರೀಟಚ್ ಮಾಡುವಾಗ ಕಾಪಿ, ಪೇಸ್ಟ್ ಎಷ್ಟು ಸಲ ಬೇಕಾಗುತ್ತೆ? ಆಲ್ಟ್ ಎಷ್ಟು ಸಲ ಒತ್ತುತ್ತೀಯ?

ನನ್ನ ಪಟ್ಟಿ ಆಮೇಲೆ ಹೇಳ್ತೀನಿ. ಮೊದಲು ಕೀಬೋರ್ಡ್ ಪಕ್ಕ ಒಂದು ಚೀಟಿ ಇಟ್ಕೋ. ಒಂದು ಫೋಟೋ ಪೂರ್ತಿ ಮುಗಿಯುವವರೆಗೆ ಎಡಗೈ ಯಾವ ಕೀಗೆ ಹೋಯ್ತೋ ಅದರ ಮುಂದೆ ಒಂದು ಗೀಟು. ನಾನು ಹಾಗೆ ಮಾಡಿದಾಗ ಮೊದಲು ಬಂದಿದ್ದು ಆಲ್ಟ್. ಆಮೇಲೆ ಬ್ರಷ್ ಸೈಜಿನ ಎರಡು ಚೌಕ ಬ್ರಾಕೆಟ್, ಎಕ್ಸ್, ಸ್ಪೇಸ್, ಅನ್‌ಡೂ. ಸೇವ್‌ಗೆ ಎರಡೇ ಗೀಟು. ಕರೆಂಟ್ ಹೋಗುವ ಊರಲ್ಲಿ ಅಷ್ಟು ಕಮ್ಮಿ ಸೇವ್ ಮಾಡಿದ್ದಕ್ಕೆ ಬೈಸಿಕೊಂಡಿದ್ದೂ ಆಯ್ತು, ಅದು ಬೇರೆ ಮಾತು.

ಈ ಪಟ್ಟಿಯಲ್ಲಿ ಎರಡು ಜಾತಿ ಕೀ ಇವೆ. ಕೆಲವು ಒತ್ತಿ ಬಿಡುವಂಥವು: ಬ್ರಾಕೆಟ್, ಎಕ್ಸ್, ಅನ್‌ಡೂ. ಆಲ್ಟ್, ಸ್ಪೇಸ್ ಹಾಗಲ್ಲ, ಒತ್ತಿ ಹಿಡಿದುಕೊಂಡೇ ಕೆಲಸ ಮಾಡಬೇಕು. ನಿನ್ನ ಟ್ಯಾಬ್ಲೆಟ್‌ನ ಬಟನ್ ಇರೋದು ಮೇಲಂಚಿನಲ್ಲಿ. ಅಲ್ಲಿ ಎಡಗೈ ಚಾಚಿ ಒತ್ತಿ ಹಿಡಿದುಕೊಂಡು ಕೂತರೆ ಭುಜ ಹಿಡ್ಕೊಳ್ಳುತ್ತೆ. ಆದ್ದರಿಂದ ಹಿಡಿಯುವಂಥವೆಲ್ಲ ಪೆನ್ನಿಗೆ, ಬಿಡುವಂಥವು ಟ್ಯಾಬ್ಲೆಟ್‌ಗೆ.

ಪೆನ್ನಿನ ಕೆಳಗಿನ ಬಟನ್‌ಗೆ ಆಲ್ಟ್ ಕೊಡು. ಟ್ಯಾಬ್ಲೆಟ್‌ನ ಸೆಟ್ಟಿಂಗ್ ಸಾಫ್ಟ್‌ವೇರ್, ಅಂದ್ರೆ ಡ್ರೈವರ್‌ನಲ್ಲಿ ಅದು ಮಾಡಿಫೈಯರ್ ಅನ್ನೋ ಕಡೆ ಸಿಗುತ್ತೆ. ಇದೊಂದೇ ಮಾಡಿದರೂ ಟ್ಯಾಬ್ಲೆಟ್‌ಗೆ ಕೊಟ್ಟ ದುಡ್ಡು ವಸೂಲಿ. ಮದುಮಗಳ ಕತ್ತಿನ ಫೋಟೋ ತಗೋ. ಜೋಮಾಲೆ, ಕೊಕ್ಕೆತಾತಿ ಅಂತ ನಮ್ಮ ಕೊಡಗಿನ ಕತ್ತಿನ ಒಡವೆ ಎಲ್ಲ ಹಾಕಿರ್ತಾರೆ, ಮಣಿ ಪಕ್ಕದಲ್ಲೇ ಬೆವರಿನ ಹೊಳಪು. ಅಲ್ಲಿ ಹೀಲಿಂಗ್ ಬ್ರಷ್‌ನಲ್ಲಿ (ಪಕ್ಕದ ಚರ್ಮದ ಸ್ಯಾಂಪಲ್ ತಗೊಂಡು ಕಲೆ ಮುಚ್ಚೋದು) ಒಂದೇ ಜಾಗದ ಸ್ಯಾಂಪಲ್ ಇಟ್ಟುಕೊಂಡು ನಾಲ್ಕು ಸಲ ಎಳೆದರೆ ಇಲ್ಲದ ಮಣಿಯೊಂದು ಚರ್ಮದ ಮೇಲೆ ಬಂದು ಕೂರುತ್ತೆ. ಒಂದೆರಡು ಸಲ ಎಳೆಯೋದು, ಹೊಸ ಜಾಗ ತಗೊಳ್ಳೋದು, ಮತ್ತೆ ಒಂದೆರಡು. ಹೊಸ ಜಾಗಕ್ಕೆಲ್ಲ ಆಲ್ಟ್ ಬೇಕು. ಪೆನ್ ಹಿಡಿದ ಬೆರಳಿಗೇ ಅದು ಸಿಕ್ಕಿದರೆ ಕಣ್ಣು ಫೋಟೋ ಬಿಟ್ಟು ಆಚೀಚೆ ಹೋಗಲ್ಲ.

ಪೆನ್ನಿನ ಮೇಲಿನ ಬಟನ್‌ಗೆ ಸ್ಪೇಸ್ ಇಡು, ಕೀಸ್ಟ್ರೋಕ್ ಅಂತ ಕೊಟ್ಟರೆ ಆಯ್ತು. ಒತ್ತಿ ಹಿಡಿದು ಎಳೆದರೆ ಫೋಟೋ ಸರಿಯುತ್ತೆ. ಅನ್‌ಡೂ ಮಾತ್ರ ಪೆನ್ನಿಗೆ ಬೇಡವೇ ಬೇಡ. ಹಿಡಿತ ಸ್ವಲ್ಪ ಬದಲಾಯಿಸುವಾಗ ಬೆರಳು ತಾಗಿ, ಗೊತ್ತೇ ಆಗದ ಹಾಗೆ ಮಾಡಿದ ಕೆಲಸ ಹೋಗಿರುತ್ತೆ.

ಟ್ಯಾಬ್ಲೆಟ್‌ನ ನಾಲ್ಕರಲ್ಲಿ ಎಡದಿಂದ ಬ್ರಷ್ ಚಿಕ್ಕದು, ಬ್ರಷ್ ದೊಡ್ಡದು, ಎಕ್ಸ್, ಅನ್‌ಡೂ. ಫೋಟೋಶಾಪ್ ಸಿಸಿ 2019ರಿಂದ ಕಂಟ್ರೋಲ್-ಜೆಡ್ ಒತ್ತಿದಷ್ಟೂ ಹಿಂದಕ್ಕೆ ಹೋಗುತ್ತೆ. ಅದಕ್ಕಿಂತ ಹಳೆಯದಾದರೆ ಕಂಟ್ರೋಲ್-ಆಲ್ಟ್-ಜೆಡ್ ಇಡು, ಇಲ್ಲದಿದ್ರೆ ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಅಂತ ಅಲ್ಲೇ ಆಡ್ತಾ ಇರುತ್ತೆ. ನಾಲ್ಕನೇ ಬಟನ್ ಮೇಲೆ ನಾನು ಒಂದು ಹನಿ ನೈಲ್ ಪಾಲಿಶ್ ಹಾಕಿ ಒಣಗಿಸಿದ್ದೀನಿ. ನೋಡದೇನೇ ಬೆರಳಿಗೆ ಗೊತ್ತಾಗುತ್ತೆ.

ಗೋಣಿಕೊಪ್ಪಲು

ಎಕ್ಸ್ ಯಾಕಕ್ಕಾ? ನಾನು ಅದನ್ನ ಮುಟ್ಟೋದೇ ಇಲ್ಲ.

ಮಡಿಕೇರಿ

ಡಾಡ್ಜ್ ಅಂಡ್ ಬರ್ನ್, ಅಂದ್ರೆ ಬೆಳಕು-ನೆರಳು ತಿದ್ದೋದು, ಮಾಡಲ್ವಾ? ಹೊಸ ಲೇಯರ್‌ಗೆ 50% ಗ್ರೇ ತುಂಬಿ ಸಾಫ್ಟ್ ಲೈಟ್‌ಗೆ ಹಾಕು. ಬ್ರಷ್‌ನ ಫ್ಲೋ 3ರಿಂದ 5%. ಬಿಳಿ ಬಳಿದರೆ ಅಲ್ಲಿ ಬೆಳಕು, ಕಪ್ಪು ಬಳಿದರೆ ನೆರಳು. ಎಕ್ಸ್ ಒತ್ತಿದರೆ ಎರಡೂ ಬಣ್ಣ ಅದಲು ಬದಲು. ವರನ ಬಿಳಿ ಕುಪ್ಯ (ಉದ್ದ ನಿಲುವಂಗಿ) ಫ್ಲ್ಯಾಶ್ ಬಿದ್ದು ಚಪ್ಪಟೆ ಆಗಿರುತ್ತಲ್ಲ, ಅದರ ಮಡಿಕೆಗಳನ್ನ ಹೀಗೇ ಎಬ್ಬಿಸೋದು. ಮಡಿಕೆಯ ಒಂದು ಬದಿಗೆ ಬಿಳಿ, ಎಕ್ಸ್, ಇನ್ನೊಂದು ಬದಿಗೆ ಕಪ್ಪು. ಪೂರ್ತಿ ಸುಟ್ಟು ಬರೀ ಬಿಳಿಯಾಗಿದ್ದರೆ ಮಾತ್ರ ಏನೂ ಏಳಲ್ಲ, ಕ್ಯಾಮೆರಾದ ಮೂಲ ರಾ ಫೈಲಿಗೆ ಹೋಗಿ ಹೈಲೈಟ್ ಇಳಿಸಿಕೊಂಡು ಬಾ.

ಇನ್ನು ಮುಖ್ಯವಾದ ಮಾತು. ಈ ಸೆಟ್ಟಿಂಗ್ ಎಲ್ಲ ‘ಆಲ್’ ಅನ್ನೋದರ ಕೆಳಗೆ ಇಡಬೇಡ. ಫೋಟೋಶಾಪ್ ತೆರೆದಿಟ್ಟು, ಡ್ರೈವರ್‌ನಲ್ಲಿ ಅಪ್ಲಿಕೇಷನ್ ಸಾಲಿನ ಪ್ಲಸ್ ಒತ್ತಿ ಅದನ್ನ ಬೇರೆಯಾಗಿ ಸೇರಿಸು. ಲೈಟ್‌ರೂಮ್‌ಗೂ ಹಾಗೇ. ನಾನು ಶುರುವಿನಲ್ಲಿ ಇದನ್ನ ಮಾಡಿರಲಿಲ್ಲ. ಫೋಟೋಶಾಪ್‌ನಲ್ಲಿ ಬಣ್ಣ ಬದಲಿಸುವ ಅದೇ ಎಕ್ಸ್, ಲೈಟ್‌ರೂಮ್‌ನಲ್ಲಿ ಫೋಟೋವನ್ನ ರಿಜೆಕ್ಟ್ ಅಂತ ಗುರುತು ಮಾಡುತ್ತೆ! ಅಭ್ಯಾಸಬಲದಲ್ಲಿ ಒತ್ತುತ್ತಾ ಹೋಗಿದ್ದೀನಿ, ಕೊನೆಗೆ ರಿಜೆಕ್ಟ್ ಆದದ್ದನ್ನೆಲ್ಲ ಒಟ್ಟಿಗೆ ಅಳಿಸೋಕೆ ಹೊರಟೆ. ಅಳಿಸುವ ಮುಂಚೆ ಒಂದು ಸಲ ಕಣ್ಣಾಡಿಸಿದ್ದು ಪುಣ್ಯ. ಅದರಲ್ಲಿ ಅಜ್ಜಿ ಅಕ್ಕಿ ಹಾಕಿ ಮೊಮ್ಮಗಳನ್ನ ಹರಸುವ ಫೋಟೋ ಇತ್ತು. ಆ ಮನೆಯವರು ಮೊದಲು ಕೇಳ್ತಿದ್ದಿದ್ದೇ ಅದನ್ನ.

ಲೈಟ್‌ರೂಮ್‌ಗೆ ನಾನು ಇಟ್ಟಿರೋದು: ಎರಡು ಬ್ರಾಕೆಟ್ ಅಲ್ಲೂ ಬ್ರಷ್ ಸೈಜಿಗೇ, ಮೂರನೆಯದು ಮಾಸ್ಕ್ (ಬ್ರಷ್‌ನಲ್ಲಿ ಬಳಿದ ಜಾಗ) ಎಲ್ಲಿದೆ ಅಂತ ತೋರಿಸುವ ಓ ಕೀ, ನಾಲ್ಕನೆಯದು ಹಿಂದೆ-ಮುಂದೆ ಹೋಲಿಸಲು ಬ್ಯಾಕ್‌ಸ್ಲ್ಯಾಶ್. ಪೆನ್ನಿನ ಆಲ್ಟ್ ಅಲ್ಲಿ ಬ್ರಷ್‌ನ ಮಾಸ್ಕ್ ಅಳಿಸೋಕೆ ಬರುತ್ತೆ.

ಸೋಮವಾರಪೇಟೆಯಿಂದ ಇನ್ನೊಬ್ಬರು

ಮೇಡಂ, ಮಧ್ಯೆ ಬಾಯಿ ಹಾಕ್ತಿದ್ದೀನಿ. ಪೆನ್ ಒತ್ತಿ ಹಿಡಿದ ಕೂಡಲೇ ಒಂದು ಉಂಗುರದ ಹಾಗೆ ಬರುತ್ತೆ, ಬ್ರಷ್ ತಡವಾಗಿ ಶುರುವಾಗುತ್ತೆ. ಡ್ರೈವರ್‌ನಲ್ಲಿ ವಿಂಡೋಸ್ ಇಂಕ್ (ಪೆನ್ನಿಗಂತಿರುವ ವಿಂಡೋಸ್‌ನ ಏರ್ಪಾಡು) ಆಫ್ ಮಾಡಿ ಅಂದ್ರು. ಮಾಡಿದೆ. ಈಗ ಪೆನ್ ಒತ್ತಿದಷ್ಟು ಬ್ರಷ್ ಬದಲಾಗೋ ಪ್ರೆಶರ್ರೇ ಹೋಯ್ತು.

ಮಡಿಕೇರಿ

ಇಂಕ್ ವಾಪಸ್ ಆನ್ ಮಾಡಿ ಸರ್, ಫೋಟೋಶಾಪ್‌ಗೆ ಮಾಮೂಲಾಗಿ ಪ್ರೆಶರ್ ಬರೋದು ಆ ದಾರಿಯಲ್ಲೇ. ಉಂಗುರ ಬೇರೆ ವಿಷಯ, ಅದು ಒತ್ತಿ ಹಿಡಿದರೆ ರೈಟ್ ಕ್ಲಿಕ್ ಅನ್ನೋ ವಿಂಡೋಸ್‌ನ ಏರ್ಪಾಡು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪೆನ್ ಅಂಡ್ ಟಚ್ ತೆರೆದು, ಪ್ರೆಸ್ ಅಂಡ್ ಹೋಲ್ಡ್ ಸೆಟ್ಟಿಂಗ್ಸ್‌ನಲ್ಲಿ ಟಿಕ್ ತೆಗೀರಿ. ಉಂಗುರ ಹೋಗುತ್ತೆ.

ವಿರಾಜಪೇಟೆಯಿಂದ

ನಾನು ಎಡಚ. ನನ್ನ ಹತ್ರ ಇಂಟುಯೋಸ್ ಪ್ರೊ, ಎಂಟು ಬಟನ್ನೂ ಎಡಗಡೆ. ಬರೆಯುವಾಗ ಅಂಗೈ ಅಲ್ಲೇ ಬೀಳುತ್ತೆ.

ಮಡಿಕೇರಿ

ಟ್ಯಾಬ್ಲೆಟ್‌ನ ಮೇಲಂಚು ನಿಮ್ಮ ಕಡೆಗೆ ಬರುವ ಹಾಗೆ ತಿರುಗಿಸಿ ಇಡಿ, ಡ್ರೈವರ್‌ನಲ್ಲಿ ಓರಿಯೆಂಟೇಷನ್ ಬದಲಾಯಿಸಿ. ಬಟನ್ ಬಲಗೈಗೆ ಬರುತ್ತೆ. ಎಂಟಿದೆ ಅಂತ ಎಂಟೂ ತುಂಬಬೇಡಿ. ನನ್ನ ಹಳೆ ಪ್ರೊನಲ್ಲಿ ಐದು ಬಳಸಿದ್ದು, ಮೂರನ್ನ ಡಿಸೇಬಲ್ ಮಾಡಿಟ್ಟಿದ್ದೆ. ತಪ್ಪಿ ತಾಗಿದರೂ ಏನೂ ಆಗಬಾರದು, ಅದಕ್ಕೆ.

ಗೋಣಿಕೊಪ್ಪಲು (ಮರುದಿನ ರಾತ್ರಿ)

ಅಕ್ಕಾ, ಗೀಟು ಹಾಕಿದೆ. ಒಂದೇ ಕ್ಲೋಸಪ್‌ಗೆ ಆಲ್ಟ್ 58, ಬ್ರಾಕೆಟ್ 40ರ ಮೇಲೆ, ಕಾಪಿ-ಪೇಸ್ಟ್ ಸೊನ್ನೆ. ನಾಚಿಕೆ ಆಯ್ತು. ನೀವು ಹೇಳಿದ ಹಾಗೆ ಇಟ್ಟಿದ್ದೀನಿ. ಆದ್ರೆ ಸಂಜೆ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಪೆನ್ ಓಡಾಡುತ್ತೆ, ಬಟನ್ ಯಾವುದೂ ಕೇಳ್ತಿಲ್ಲ.

ಮಡಿಕೇರಿ

ಮೊದಲು ಕೇಬಲ್ ತೆಗೆದು ಹಾಕಿ ನೋಡು. ಆಗದಿದ್ರೆ ವಿಂಡೋಸ್‌ನ ಸರ್ವೀಸಸ್ ತೆರೆದು ‘ವಾಕಾಮ್ ಪ್ರೊಫೆಷನಲ್ ಸರ್ವೀಸ್’ ಅನ್ನೋದನ್ನ ರೀಸ್ಟಾರ್ಟ್ ಮಾಡು. ಡ್ರೈವರ್ ತೆಗೆದು ಹೊಸದಾಗಿ ಹಾಕುವ ಮಟ್ಟಕ್ಕೆ ಹೋಗೋ ಮುಂಚೆ ಸೆಟ್ಟಿಂಗ್ಸ್ ಬ್ಯಾಕಪ್ ತಗೊಂಡು ಪೆನ್‌ಡ್ರೈವ್‌ಗೆ ಹಾಕ್ಕೋ, ಇಲ್ಲಾಂದ್ರೆ ಎಲ್ಲಾ ಮತ್ತೆ ಮೊದಲಿಂದ.

ಗೋಣಿಕೊಪ್ಪಲು

ಸರ್ವೀಸ್ ರೀಸ್ಟಾರ್ಟ್ ಮಾಡಿದೆ, ಬಂತು. ಥ್ಯಾಂಕ್ಸ್ ಅಕ್ಕಾ. ನೈಲ್ ಪಾಲಿಶ್ ತಂಗಿ ಹತ್ರ ಕೇಳಿದ್ದೀನಿ, ಯಾಕೆ ಅಂತ ಹತ್ತು ಸಲ ಕೇಳಿ ಆಯ್ತು ಅವಳು.