ಮೇಪಲ್ ಸಿರಪ್ ಕಾಯಿಲೆಯ ಮಗುವಿಗೆ ಜ್ವರ ಬಂದಾಗ ಲಂಘನ ಮಾಡಿಸಬಹುದೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಮಗಳಿಗೆ ಈಗ 14 ತಿಂಗಳು. ಹುಟ್ಟಿದ 12ನೇ ದಿನ ಅವಳಿಗೆ ಮೇಪಲ್ ಸಿರಪ್ ಯೂರಿನ್ ಡಿಸೀಸ್ (ಪ್ರೋಟೀನಿನ ಕೆಲವು ಅಂಶಗಳನ್ನು ದೇಹ ಒಡೆಯಲಾರದ, ಮೂತ್ರಕ್ಕೆ ಸಿಹಿ ವಾಸನೆ ಬರುವ ಹುಟ್ಟು ಕಾಯಿಲೆ) ಇದೆಯೆಂದು ತಿಳಿಯಿತು. ಅಂದಿನಿಂದ ಬೇಳೆ, ಮೊಟ್ಟೆ ಕೊಡದೆ, ಲ್ಯೂಸಿನ್ (ಅಂಥ ಅಂಶಗಳಲ್ಲೊಂದು) ಇಲ್ಲದ ಪುಡಿಯನ್ನು ಕಲಸಿ ಕುಡಿಸುತ್ತ, ಅನ್ನವನ್ನು ತೂಗಿ ಉಣಿಸುತ್ತ ಬಂದಿದ್ದೇವೆ. ಹೋದ ವಾರ ಜ್ವರ ಬಂದಾಗ ಅಜ್ಜಿ (ನನ್ನ ಗಂಡ ನನಗೆ ಸೋದರಮಾವ, ಆದ್ದರಿಂದ ಅವರೇ ನನಗೆ ಅತ್ತೆ) ‘ಲಂಘನಂ ಪರಮೌಷಧಂ’ ಎಂದು ಒಂದು ದಿನ ಪುಡಿಯನ್ನೂ ನಿಲ್ಲಿಸಿ ಬರೀ ನೀರು ಕುಡಿಸಿದರು. ಮರುದಿನ ಮಗು ವಾಲಾಡತೊಡಗಿತು, ಕೂಗಿದರೂ ಸರಿಯಾಗಿ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ಲ್ಯೂಸಿನ್ 1100 ಎಂದರು. ಪ್ರೋಟೀನನ್ನೇ ಕೊಡದಿದ್ದಾಗ ಅದು ಏರಿದ್ದು ಹೇಗೆ?

ಉತ್ತರ: ತಾಯಿ, ನೀವು ತಟ್ಟೆಗೆ ಹಾಕದ ಪ್ರೋಟೀನು ಮಗುವಿನ ಸ್ನಾಯುಗಳಲ್ಲೇ ಇತ್ತು. ಹೊಟ್ಟೆ ಖಾಲಿಯಾಗಿ ಜ್ವರವೂ ಏರಿದಾಗ ದೇಹವು ಶಕ್ತಿಗಾಗಿ ತನ್ನದೇ ಸ್ನಾಯುವನ್ನು ಕರಗಿಸುತ್ತದೆ. ಅದರಿಂದ ಹೊರಬರುವ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಪೂರ್ತಿಯಾಗಿ ಒಡೆಯಬೇಕಾದ ಕಿಣ್ವವು ಈ ಮಕ್ಕಳಲ್ಲಿ ಕೆಲಸ ಮಾಡದಿರುವುದರಿಂದ ಅವು ರಕ್ತದಲ್ಲಿ ಸೇರಿಕೊಳ್ಳುತ್ತವೆ. ಮಿದುಳಿಗೆ ಹೆಚ್ಚು ಹಾನಿ ಮಾಡುವುದು ಲ್ಯೂಸಿನ್. ಐದು ವರ್ಷದೊಳಗಿನವರಲ್ಲಿ ಅದನ್ನು ಲೀಟರಿಗೆ 75ರಿಂದ 200 ಮೈಕ್ರೋಮೋಲ್‌ನಲ್ಲಿ ಇರಿಸಲು ಪ್ರಯತ್ನಿಸುತ್ತೇವೆ. ಬೇರೆ ಮಕ್ಕಳು ಒಪ್ಪೊತ್ತಿನ ಉಪವಾಸವನ್ನು ತಡೆದುಕೊಂಡಾರು, ಈ ಮಗುವಿಗೆ ಅದೇ ವಿಷ.

ಜ್ವರದ ದಿನ ನಿಲ್ಲಿಸಬೇಕಾದದ್ದು ತೂಗಿ ಕೊಡುವ ಅನ್ನದಂತಹ ಸಹಜ ಪ್ರೋಟೀನನ್ನು ಮಾತ್ರ, ಅದೂ ನಿಮ್ಮ ವೈದ್ಯರು ಬರೆದುಕೊಟ್ಟಂತೆ ಸಾಮಾನ್ಯವಾಗಿ ಒಂದೆರಡು ದಿನ. ಪುಡಿ ಮುಂದುವರಿಯಲೇಬೇಕು. ಜೊತೆಗೆ ಸಕ್ಕರೆ ಹಾಕಿದ ಸಬ್ಬಕ್ಕಿ ಗಂಜಿ, ಗ್ಲೂಕೋಸ್ ನೀರು, ಸ್ವಲ್ಪ ತುಪ್ಪ, ಹೀಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ ಕೊಡಿ. ವೈದ್ಯರು ಹೇಳಿದ್ದರೆ ಐಸೊಲ್ಯೂಸಿನ್, ವ್ಯಾಲಿನ್‌ಗಳನ್ನೂ ತಪ್ಪಿಸಬೇಡಿ. ಅವು ಕಡಿಮೆಯಾದರೆ ದೇಹ ಹೊಸ ಪ್ರೋಟೀನನ್ನು ಕಟ್ಟಲಾರದು, ಲ್ಯೂಸಿನ್ ಇಳಿಯುವುದೂ ಇಲ್ಲ. ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಗು ಮಂಕಾದರೆ, ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಿಸಬೇಕು. ರಾತ್ರಿಯ ಕರ್ತವ್ಯದಲ್ಲಿರುವ ವೈದ್ಯರು ಈ ಕಾಯಿಲೆಯನ್ನು ಎಂದೂ ನೋಡಿರಲಿಕ್ಕಿಲ್ಲ, ಆದ್ದರಿಂದ ತುರ್ತು ಚಿಕಿತ್ಸೆಯ ಪತ್ರವೊಂದು ಸದಾ ನಿಮ್ಮ ಚೀಲದಲ್ಲಿರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮ ಎಂಟು ದಿನದ ಮೊಮ್ಮಗನ ಮೂತ್ರ ಮೆಂತ್ಯದಂತೆ ಘಮಘಮಿಸುತ್ತದೆ. ಇದೇ ಕಾಯಿಲೆಯಿರಬಹುದೇ?

ಉತ್ತರ: ಬಾಣಂತಿ ಮೆಂತ್ಯದ ಹಿಟ್ಟು ತಿನ್ನುತ್ತಿದ್ದಾರೆಯೇ? ಈ ಕಾಯಿಲೆಯ ವಾಸನೆಗೂ ಮೆಂತ್ಯದ ಘಮಕ್ಕೂ ಕಾರಣ ಸೊಟೊಲೋನ್ ಎಂಬ ಒಂದೇ ವಸ್ತು. ತಾಯಿ ಮೆಂತ್ಯ ತಿಂದರೂ ಆರೋಗ್ಯವಂತ ಮಗುವಿನಿಂದ ಅದೇ ವಾಸನೆ ಬರಬಹುದು. ವಾಸನೆಯೊಂದರಿಂದ ತೀರ್ಮಾನ ಸಾಧ್ಯವಿಲ್ಲ, ಹಿಮ್ಮಡಿಯ ರಕ್ತದ ಅಮೈನೋ ಆಮ್ಲ ಪರೀಕ್ಷೆ ಮಾಡಿಸಿ. ಮಗು ಹಾಲು ಬಿಟ್ಟಿದ್ದರೆ ಅಥವಾ ಜೋಲಾಡುತ್ತಿದ್ದರೆ ಇಂದೇ ಹೊರಡಿ.

ಪ್ರಶ್ನೆ (ಮೊದಲ ತಾಯಿ): ನಮ್ಮ ಮೊದಲ ಮಗ ಒಂಬತ್ತನೇ ದಿನ ತೀರಿಕೊಂಡ. ಆಗ ರಕ್ತದ ಸೋಂಕು ಎಂದಿದ್ದರು. ಊರಿನಲ್ಲಿ ಶಾಪ ಎನ್ನುತ್ತಾರೆ. ಮುಂದಿನ ಮಗುವಿಗೂ ಹೀಗಾಗುತ್ತದೆಯೇ?

ಉತ್ತರ: ಶಾಪವಲ್ಲ ತಾಯಿ. ನಿಮ್ಮಿಬ್ಬರಲ್ಲೂ ಒಂದೇ ಜೀನ್‌ನ ಒಂದೊಂದು ಪ್ರತಿ ದೋಷಯುಕ್ತವಾಗಿದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಹೀಗಾಗುವ ಸಂಭವ ಹೆಚ್ಚು. ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು. ಮೊದಲ ಮಗನಿಗೂ ಇದೇ ಆಗಿದ್ದಿರಬಹುದು, ಸೋಂಕಿನಂತೆಯೇ ಕಾಣುವ ಕಾಯಿಲೆಯಿದು. ಮಗಳ ಜೀನ್ ವರದಿ ಈಗಲೇ ಕೈಯಲ್ಲಿದ್ದರೆ, ಮುಂದಿನ ಬಸಿರಿನ 11ರಿಂದ 13ನೇ ವಾರದಲ್ಲಿ ಪರೀಕ್ಷೆ ಮಾಡಿ ಹೇಳಬಹುದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ಕಾಯಿಲೆಯೂ ಸೇರಿದ್ದು, ಉತ್ಕೃಷ್ಟತಾ ಕೇಂದ್ರಗಳ (ಇದಕ್ಕೆಂದು ಸರ್ಕಾರ ಗುರುತಿಸಿದ ಸಂಸ್ಥೆಗಳ) ಮೂಲಕ 50 ಲಕ್ಷ ರೂಪಾಯಿಯವರೆಗೆ ನೆರವಿದೆ. ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ಅಲ್ಲಿಗೆ ಹೋಗುವಾಗ ಅಜ್ಜಿಯವರನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ಗಂಜಿ ಕಾಯಿಸುವವರು ಅವರೇ ಆಗಿದ್ದರೆ, ಜ್ವರದ ದಿನದ ಆಹಾರದ ಪಟ್ಟಿಯನ್ನು ಡಯಟಿಷಿಯನ್ ಅಜ್ಜಿಯವರ ಕೈಗೇ ಕೊಟ್ಟು ವಿವರಿಸಲಿ.