ಪಂಚಾಯಿತಿ ಕಟ್ಟಡದಿಂದ 8 ಕಿ.ಮೀ. ದೂರದ ಒಂಟಿಮನೆಗಳಿಗೆ ಫೈಬರ್: ಈ ಲೆಕ್ಕ ನಡೆಯುತ್ತಾ?

ಕಾನಂಚು:
ಹೊಸನಗರ ತಾಲ್ಲೂಕಿನ ಕಾಡಂಚಿನ ಊರು. 41 ಮನೆ, ಐದು ಕಡೆ ಚದುರಿವೆ. ಭಾರತ್‌ನೆಟ್ (ಪಂಚಾಯಿತಿಗಳಿಗೆ ಇಂಟರ್ನೆಟ್ ಕೊಡುವ ಸರ್ಕಾರದ ಯೋಜನೆ) ಕೇಬಲ್ ಗ್ರಾಮ ಪಂಚಾಯಿತಿ ಕಟ್ಟಡದವರೆಗೆ ಬಂದಿದೆ. ಅಲ್ಲಿಂದ ಊರ ಬಾಗಿಲಿಗೆ 6.2 ಕಿ.ಮೀ., ಕೊನೆಯ ಮನೆಗೆ 8 ಕಿ.ಮೀ. ಲೈಸೆನ್ಸ್ ಇರುವ ಐಎಸ್‌ಪಿಯವರು (ಇಂಟರ್ನೆಟ್ ಕಂಪನಿ) ಪಂಚಾಯಿತಿ ಕಟ್ಟಡದಲ್ಲಿ ಒಎಲ್‌ಟಿ (ಫೈಬರಿಗೆ ಬೆಳಕು ಬಿಡುವ ಯಂತ್ರ) ಇಡಲು ಒಪ್ಪಿದ್ದಾರೆ. ಮುಂದಿನ ಕೇಬಲ್ ಊರಿನವರ ಖರ್ಚು.

ಅಂದುಕೊಂಡಿದ್ದು ಇಷ್ಟು: 12 ಕೋರ್ (ಫೈಬರ್ ಎಳೆ) ಕೇಬಲ್, ಒಂದೇ ಪಾನ್ ಪೋರ್ಟ್ (ಒಎಲ್‌ಟಿಯಿಂದ ಫೈಬರ್ ಹೊರಡುವ ಕಿಂಡಿ), ಅದಕ್ಕೆ ಬೆಳಕು ಕೊಡುವ ಬಿ ಪ್ಲಸ್ ಮಾಡ್ಯೂಲ್, ಊರ ಬಾಗಿಲಲ್ಲಿ 1:4 ಸ್ಪ್ಲಿಟರ್ (ಒಂದು ಎಳೆಯ ಬೆಳಕನ್ನು ನಾಲ್ಕಕ್ಕೆ ಹಂಚುವುದು), ನಾಲ್ಕು ಕೇರಿಗೂ ಒಂದೊಂದು 1:16. ಕಣಿವೆಯಾಚೆಯ 4 ಮನೆಗೆ (ನೇರ 2.5 ಕಿ.ಮೀ.) ಕೇಬಲ್ ಹೋಗುವುದು ಕಷ್ಟ. ಬೆಳಕು ಸಾಕಾ? ಕೇಬಲ್ಲನ್ನು ಅಡಿಕೆ ಮರಕ್ಕೆ ಕಟ್ಟಬಹುದಾ? ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇರಲ್ಲ, ಅದಕ್ಕೇನು ದಾರಿ?

ಜೋಡುತಂತಿ:
ಬೆಳಕಿನ ಲೆಕ್ಕ ಮೊದಲು ನೋಡೋಣ ಸರ್, ಎಡವುವುದು ಅಲ್ಲೇ. 1310 ಎನ್‌ಎಂ (ನ್ಯಾನೋಮೀಟರ್) ಅಲೆಯುದ್ದದ ಬೆಳಕಿಗೆ ಕಿ.ಮೀ.ಗೆ 0.35 ಡಿಬಿ (ಬೆಳಕಿನ ನಷ್ಟದ ಅಳತೆ) ಹಿಡಿದರೆ 8 ಕಿ.ಮೀ.ಗೆ 2.8. 1:4ಕ್ಕೆ 7.2, 1:16ಕ್ಕೆ 13.7. ಹತ್ತು ಸ್ಪ್ಲೈಸ್‌ಗೆ (ಎರಡು ಎಳೆ ಜೋಡಿಸಿದ ಜಾಗ) 1, ನಾಲ್ಕು ಕನೆಕ್ಟರ್‌ಗೆ 2. ಒಟ್ಟು 26.7 ಡಿಬಿ. ಬಿ ಪ್ಲಸ್‌ನ ಮಿತಿ 28. ಕೈಯಲ್ಲಿ ಉಳಿಯುವುದು 1.3 ಮಾತ್ರ. ಮೊದಲ ದಿನ ಎಲ್ಲಾ ಮನೆಯಲ್ಲೂ ಹಸಿರು ದೀಪ ಬರುತ್ತೆ. ಜುಲೈನಲ್ಲಿ ಕೊಂಬೆ ಬಿದ್ದು ಎರಡು ಕಡೆ ಹೊಸ ಸ್ಪ್ಲೈಸ್ ಬಿದ್ದರೆ, ಒಂದು ಕನೆಕ್ಟರ್ ಕೊಳೆಯಾದರೆ, ಕೊನೆಯ ಕೇರಿ ಪೂರ್ತಿ ಆಚೆಗೆ. ಕಡಿಮೆ ಅಂದರೂ 3 ಡಿಬಿ ಉಳಿಸಿಕೊಳ್ಳಬೇಕು.

12 ಕೋರ್ ಹೇಗೂ ಇದೆ, ಎರಡು ಪಾನ್ ಪೋರ್ಟ್ ಬಳಸಿ. ತಲಾ ಒಂದು ಕೋರ್, ಊರ ಬಾಗಿಲಲ್ಲಿ ತಲಾ ಒಂದು 1:2, ಆಮೇಲೆ ಕೇರಿಗೊಂದು 1:16. 1:2ಕ್ಕೆ 3.7 ಹಿಡಿದರೆ ಒಟ್ಟು 23.2ಕ್ಕೆ ಇಳಿಯುತ್ತೆ, 4.8 ಉಳಿಯುತ್ತೆ. 64 ಪೋರ್ಟ್ ಸಿಗುವುದರಿಂದ ಮುಂದೆ ಮನೆ ಹೆಚ್ಚಾದರೂ ಜಾಗ ಇದೆ.

ಕೇಬಲ್: ಮುಖ್ಯ ಲೈನಿಗೆ ಕಬ್ಬಿಣದ ತಂತಿ ಇರುವುದು ಬೇಡವೇ ಬೇಡ. ಎಡಿಎಸ್‌ಎಸ್ (ಲೋಹವಿಲ್ಲದೆ ತನ್ನ ಭಾರ ತಾನೇ ಹೊರುವ ಕೇಬಲ್) ತಗೊಳ್ಳಿ, ಕಂಬಗಳ ನಡುವಿನ ಅಂತರ ಹೇಳಿ ಅದಕ್ಕೆ ತಕ್ಕದ್ದನ್ನೇ ಕೇಳಿ. ಅಡಿಕೆ ಮರ ಗಾಳಿಗೆ ಬಿಲ್ಲಿನಂತೆ ಬಾಗುತ್ತೆ, ಅದಕ್ಕೆ ಬಿಗಿದು ಕಟ್ಟಿದ ಕೇಬಲ್ ಕ್ಲಾಂಪ್ ಇರುವ ಕಡೆಯೇ ಮುರಿಯುತ್ತೆ. ಜಿಐ ತಂತಿ ಸುತ್ತಿದರೆ ಇನ್ನೂ ಕೆಟ್ಟದ್ದು, ಹೊರಕವಚ ಒಳಕ್ಕೆ ಅದುಮಿ ಬೆಳಕು ಸೋರುತ್ತೆ. ತೋಟದೊಳಗೆ ಕಂಬ ನೆಡುವುದೇ ಒಳ್ಳೆಯದು. ಮರ ಬಿಟ್ಟು ಗತಿಯಿಲ್ಲ ಅಂದರೆ ಮಾವು, ಹಲಸಿನಂಥ ದಪ್ಪ ಮರ ನೋಡಿ, ಕೇಬಲ್ ಜಾರಾಡುವಂಥ ಕ್ಲಾಂಪ್ ಹಾಕಿ. ಅರ್ಧ ಕಿ.ಮೀ.ಗೊಮ್ಮೆ 15 ಮೀಟರ್ ಸುರುಳಿ ಬಿಡಿ. ಕೊಂಬೆ ಬಿದ್ದು ಕಡಿದಾಗ ಎಳೆದು ಜೋಡಿಸಲು ಅದೇ ಆಧಾರ. ಸುರುಳಿ ಇಲ್ಲದಿದ್ದರೆ ನಡುವೆ ತುಂಡು ಸೇರಿಸಬೇಕು, ಆಗ ಒಂದರ ಬದಲು ಎರಡು ಸ್ಪ್ಲೈಸ್.

ಓಟಿಡಿಆರ್:
ಬಿ ಪ್ಲಸ್ ಬದಲು ಹೆಚ್ಚು ಬಲದ ಸಿ ಪ್ಲಸ್ ಮಾಡ್ಯೂಲ್ ಹಾಕಿದರೆ 32 ಡಿಬಿ ಸಿಗುತ್ತೆ, ಒಂದೇ ಪೋರ್ಟಲ್ಲಿ ಮುಗಿಯುತ್ತೆ ಅಂತ ಯಾರಾದರೂ ಹೇಳಬಹುದು. ಮುಗಿಯುತ್ತೆ ನಿಜ. ಆದರೆ ಒಂದು ಕೋರ್ ಹೋದರೆ ನಾಲ್ಕೂ ಕೇರಿ ಕತ್ತಲೆ. ಎರಡು ಪೋರ್ಟ್ ಇದ್ದರೆ ಅರ್ಧ ಊರಾದರೂ ಉಳಿಯುತ್ತೆ. ನನ್ನ ಮತ ಜೋಡುತಂತಿಯವರ ಕಡೆಗೇ.

ಕೆಲಸ ಮುಗಿದ ದಿನ ಪ್ರತಿ ಮನೆಗೆ ಬರುವ ಬೆಳಕಿನ ಪವರ್ ಮೀಟರ್ ರೀಡಿಂಗನ್ನು 1490 ಎನ್‌ಎಂನಲ್ಲಿ ಅಳೆದು ಸ್ಪ್ಲಿಟರ್ ಡಬ್ಬಿಯ ಮುಚ್ಚಳದ ಒಳಗೇ ಬರೆದಿಡಿ. ಈ ಲೆಕ್ಕದಲ್ಲಿ ಮನೆಗೆ −18ರಿಂದ −22 ಡಿಬಿಎಂ (ಬಲದ ಅಳತೆ, ಮೈನಸ್ ಹೆಚ್ಚಾದಷ್ಟೂ ಬಲ ಕಡಿಮೆ) ಬರಬೇಕು. ಒಂದೇ ಮನೆ −25 ತೋರಿಸಿದರೆ ಆ ಮನೆಯ ಡ್ರಾಪ್ ಕೇಬಲ್ (ಡಬ್ಬಿಯಿಂದ ಮನೆಗೆ ಬರುವ ಕೇಬಲ್) ನೋಡಿ, ಇಡೀ ಕೇರಿ ಕುಸಿದಿದ್ದರೆ ಮೇಲಿನ ಲೈನ್ ನೋಡಿ.

ಓಟಿಡಿಆರ್ ಯಂತ್ರ (ಲೈನಿನಲ್ಲಿ ಎಲ್ಲಿ ಎಷ್ಟು ಬೆಳಕು ನಷ್ಟ ಎಂದು ತೋರಿಸುವುದು) ಬಾಡಿಗೆಗೆ ತಂದರೆ 1310 ಮತ್ತು 1550 ಎರಡರಲ್ಲೂ ಓಡಿಸಿ. 1550ರಲ್ಲಿ ನಷ್ಟ ಜಾಸ್ತಿ, 1310ರಲ್ಲಿ ಸರಿಯಿದೆ ಅಂದರೆ ಅಲ್ಲಿ ಕೇಬಲ್ ಮಡಚಿದೆ, ಬಿಡಿಸಿದರೆ ಸಾಕು. ಎರಡರಲ್ಲೂ ಒಂದೇ ಸಮ ಇದ್ದರೆ ಸ್ಪ್ಲೈಸ್ ಕೆಟ್ಟಿದೆ, ಮತ್ತೆ ಮಾಡಬೇಕು. ಒಎಲ್‌ಟಿಯಿಂದ ಬಿಚ್ಚದೆ ಈ ಎರಡು ಅಲೆಯುದ್ದದಲ್ಲಿ ಓಡಿಸಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಅಲೆದಾಟವೆಲ್ಲ ಇದಕ್ಕೇ. ಹಸಿರು ಕನೆಕ್ಟರ್ (ಎಪಿಸಿ) ಓರೆಯಾಗಿ ಉಜ್ಜಿದ್ದು, ನೀಲಿ (ಯುಪಿಸಿ) ಓರೆಯಿಲ್ಲದ್ದು. ಒಂದರೊಳಗೆ ಇನ್ನೊಂದು ಸಲೀಸಾಗಿ ಕೂರುತ್ತೆ, ಆದರೆ ನಡುವೆ ಗಾಳಿಯ ಸಂದಿ ಉಳಿದು ಕೆಲವು ಡಿಬಿ ಹೋಗುತ್ತೆ. ಡಬ್ಬಿಯಿಂದ ಮನೆವರೆಗೂ ಒಂದೇ ಬಣ್ಣ ಇಟ್ಟುಕೊಳ್ಳಿ.

ಗುಡ್ಡದತುದಿ:
ಕಣಿವೆಯಾಚೆಯ ನಾಲ್ಕು ಮನೆಗೆ 5.8 ಗಿಗಾಹರ್ಟ್ಸ್ ರೇಡಿಯೋ ಸಾಕು. ಈ ಬ್ಯಾಂಡಿಗೆ 2018ರಿಂದ ಸ್ಪೆಕ್ಟ್ರಂ ಲೈಸೆನ್ಸ್ ಬೇಕಿಲ್ಲ. 2.5 ಕಿ.ಮೀ.ಗೆ ಗಾಳಿಯಲ್ಲಿ ಸುಮಾರು 116 ಡಿಬಿ ನಷ್ಟ. ಎರಡೂ ತುದಿಗೆ 23 ಡಿಬಿಐ (ಆಂಟೆನಾ ಬಲದ ಅಳತೆ) ಡಿಶ್, ಔಟ್‌ಪುಟ್ 13 ಡಿಬಿಎಂ ಇಟ್ಟರೆ −57 ಡಿಬಿಎಂ ಆಸುಪಾಸು ಬರುತ್ತೆ, ಧಾರಾಳ.

ಕಣ್ಣಿಗೆ ಆಚೆ ಮನೆ ಕಂಡರೆ ಸಾಕು ಅಂದುಕೊಳ್ಳಬೇಡಿ ಮಾರಾಯ್ರೇ. ನಡುವಿನಲ್ಲಿ ನೇರ ಗೆರೆಯ ಸುತ್ತ 5.7 ಮೀಟರ್ ಫ್ರೆನೆಲ್ ವಲಯ (ರೇಡಿಯೋ ಅಲೆ ಹರಡಿ ಸಾಗುವ ಜಾಗ) ಬರುತ್ತೆ, ಅದರ ಶೇ. 60, ಅಂದರೆ 3.4 ಮೀಟರ್, ಎಲೆ ಕೂಡ ಅಡ್ಡ ಇರಬಾರದು. ಈ ಬ್ಯಾಂಡಿಗೆ ಇಷ್ಟು ದೂರದಲ್ಲಿ ಮಳೆ ಲೆಕ್ಕಕ್ಕಿಲ್ಲ, ನೆನೆದ ಎಲೆಯೇ ಶತ್ರು. ಬೇಸಿಗೆಯಲ್ಲಿ ಎಲೆ ಉದುರಿದಾಗ ಅಳೆದರೆ ಮೋಸ ಹೋಗುತ್ತೀರಿ.

ಕರೆಂಟ್: ನಾಲ್ಕು ಪೋರ್ಟಿನ ಒಎಲ್‌ಟಿ ಸುಮಾರು 50 ವಾಟ್. 12 ವೋಲ್ಟ್ 150 ಎಎಚ್ ಬ್ಯಾಟರಿಯ ಅರ್ಧ ಬಳಸಿ ಇನ್ವರ್ಟರ್ ನಷ್ಟ ಕಳೆದರೆ 14 ಗಂಟೆ. ಎರಡು ದಿನಕ್ಕೆ ಅಂಥ ನಾಲ್ಕು ಬೇಕು. ಆಷಾಢದ ಮೋಡದಲ್ಲಿ ಸೋಲಾರ್ ನಂಬಬೇಡಿ, ಪಂಚಾಯಿತಿಯಲ್ಲಿ ಜನರೇಟರ್ ಚುಚ್ಚಲು ಒಂದು ಸಾಕೆಟ್ ಮಾಡಿಡಿ. ಮನೆಯ ಒಎನ್‌ಟಿಗೆ (ಫೈಬರ್ ಬಂದು ಸೇರುವ ಪೆಟ್ಟಿಗೆ) 12 ವೋಲ್ಟಿನ ಪುಟ್ಟ ಯುಪಿಎಸ್.

ಸಿಡಿಲು ಫೈಬರಿನ ಗಾಜಿನಲ್ಲಿ ಬರಲ್ಲ, ಕರೆಂಟ್ ಲೈನಿನಲ್ಲಿ ಬರುತ್ತೆ. ಜೊತೆಗೆ ಡ್ರಾಪ್ ಕೇಬಲ್ಲಿನ ಉಕ್ಕಿನ ತಂತಿಯಲ್ಲೂ ಬರುತ್ತೆ. ಆ ತಂತಿಯನ್ನು ಸೂರಿನ ಕೆಳಗಿನ ಕೊಕ್ಕೆಯಲ್ಲೇ ಕತ್ತರಿಸಿ, ಒಳಗೆ ಬರಿಯ ಫೈಬರ್ ಮಾತ್ರ ಹೋಗಲಿ.

ಕಾನಂಚು:
ಎರಡು ಪೋರ್ಟಿಗೇ ಹೋಗುತ್ತೇವೆ. 6.2 ಕಿ.ಮೀ.ಯಲ್ಲಿ 1.4 ಕಿ.ಮೀ. ಮೀಸಲು ಅರಣ್ಯ, ರಸ್ತೆ ಪಕ್ಕ ವಿದ್ಯುತ್ ಕಂಬಗಳಿವೆ. ಕಂಬದ ಮೇಲೆ ಎಳೆದರೆ ಅರಣ್ಯದವರ ಅನುಮತಿ ತಪ್ಪುತ್ತಾ?

ಜೋಡುತಂತಿ:
ತಪ್ಪುತ್ತೆ ಅಂದುಕೊಂಡು ಕೆಲಸ ಶುರು ಮಾಡಬೇಡಿ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿಯೇ ಕೇಳಿ. ಅರ್ಜಿಯಲ್ಲಿ ಮೂರು ಮಾತು ಸ್ಪಷ್ಟವಾಗಿರಲಿ: ನೆಲ ಅಗೆಯುವುದಿಲ್ಲ, ಹೊಸ ಕಂಬ ಇಲ್ಲ, ಮರ ಕಡಿಯುವುದಿಲ್ಲ. ಕಂಬದ ನಂಬರ್ ಸಮೇತ ನಕ್ಷೆ ಲಗತ್ತಿಸಿ. ಕಂಬಕ್ಕೆ ವಿದ್ಯುತ್ ಕಂಪನಿಯ ಒಪ್ಪಿಗೆ, ಬಾಡಿಗೆ ಬೇರೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ದೂರಸಂಪರ್ಕ ಮಾರ್ಗಹಕ್ಕು ನಿಯಮಗಳಡಿ ಅರ್ಜಿ ಹಾಕಬೇಕಾದವರು ಐಎಸ್‌ಪಿಯವರು, ಊರಿನವರಲ್ಲ. ಅವರ ಹೆಸರಲ್ಲೇ ಹೋಗಲಿ. ಕೇಬಲ್ ಎಳೆಯುವ ದಿನ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ಕಡಿದಿದೆ ಎಂಬ ಖಾತ್ರಿ) ತಗೊಂಡು ಕೈಯಲ್ಲಿ ಕಾಗದ ಕೊಡುವವರೆಗೆ ಯಾರೂ ಕಂಬ ಹತ್ತಬಾರದು.