ಸಹಾಯ ಬೇಕು: ಮೂಗಿನ ಆಪರೇಷನ್‌ಗೆ ಮುಂಚೆ ತೋರಿಸುವ ಚಿತ್ರವನ್ನು ಎಷ್ಟು ನಂಬಬಹುದು?

ಮೂಗಿನ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಡಾಕ್ಟರು ನನ್ನ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದಿ ತೋರಿಸಿದರು. ಪಕ್ಕದಿಂದ ತೆಗೆದ ಫೋಟೋದಲ್ಲಿ ಮೂಗಿನ ಮೇಲಿನ ಉಬ್ಬು ಮೌಸ್ ಎಳೆದಷ್ಟೂ ಕರಗುತ್ತಾ ಹೋಯಿತು. ನೋಡೋಕೆ ಚೆನ್ನಾಗೇ ಇತ್ತು, ಅದೇ ಭಯ! ಮೌಸ್‌ಗೆ ಚರ್ಮದ ದಪ್ಪ ಗೊತ್ತಾಗುವುದಿಲ್ಲ ಅಲ್ವಾ? ನನ್ನದು ದಪ್ಪ ಚರ್ಮ. ಒಳಗಿನ ಮೃದು ಎಲುಬನ್ನು ತಿದ್ದಿದರೂ ತುದಿ ಅಷ್ಟು ಚೂಪಾಗಿ ಕಾಣುವುದಿಲ್ಲ, ಊತ ಪೂರ್ತಿ ಇಳಿಯೋಕೆ 1 ವರ್ಷಕ್ಕಿಂತ ಜಾಸ್ತಿಯೂ ಆಗಬಹುದು ಅಂತ ಡಾಕ್ಟರೇ ಹೇಳಿದರು.

ಪಕ್ಕದ ನೋಟವನ್ನು ಸುಮಾರಾಗಿ ಊಹಿಸಬಹುದಂತೆ, ಎದುರಿನದು ಕಷ್ಟವಂತೆ. ನಿಮಗೆ ಎದುರಿನಿಂದ ಎಷ್ಟು ವ್ಯತ್ಯಾಸ ಕಂಡಿತು? ಸುಮ್ನೆ ಚೆಂದ ಮಾಡಿ ತೋರಿಸದೆ, ಆಗುವಷ್ಟನ್ನೇ ತೋರಿಸಿ ಅಂತ ಡಾಕ್ಟರನ್ನು ಹೇಗೆ ಕೇಳಿದಿರಿ? ಆ ಚಿತ್ರದ ಪ್ರಿಂಟ್ ಕೈಗೆ ಕೊಟ್ಟರಾ?